ಪುಣೆಗೆ ಹೊಸದಾಗಿ ಬಂದಿದೀರಾ? ಗೌರಿ ವಿಷಯ ಮೊದ್ಲು ತಿಳ್ಕೊಳ್ಳಿ

ಪುಣೆಗೆ ಬಂದು ಮನೆ ಮಾಡಿದವ್ರು ನನ್ನ ಹತ್ರ ಮೊದ್ಲು ಕೇಳೋದು ಸೋನಾ ಮಸೂರಿ ಎಲ್ಲಿ ಸಿಗುತ್ತೆ, ಮಕ್ಕಳಿಗೆ ಯಾವ ಸ್ಕೂಲು ಅಂತ. ಅದೆಲ್ಲ ಒಂದು ತಿಂಗಳಲ್ಲಿ ನಿಮಗೇ ಗೊತ್ತಾಗುತ್ತೆ ಬಿಡಿ. ಹಬ್ಬದ ಲೆಕ್ಕ ಮಾತ್ರ ಯಾರೂ ಕೂರಿಸಿಕೊಂಡು ಹೇಳಲ್ಲ. ನಾನು ಮೈಸೂರು ಕಡೆಯವಳು, ಕೋಥ್ರೂಡಿಗೆ ಬಂದು 22 ವರ್ಷ ಆಯ್ತು, ಎಡವಿ ಎಡವಿ ಕಲ್ತಿದ್ದು ಇದು.

ತಿಂಗಳ ಲೆಕ್ಕದಲ್ಲಿ ಗೊಂದಲ ಇಲ್ಲ, ಇವರದ್ದೂ ನಮ್ಮ ಹಾಗೇ ಅಮಾವಾಸ್ಯೆಗೆ ಮುಗಿಯೋ ಮಾಸ. ಯುಗಾದಿ ದಿನವೇ ಗುಡಿ ಪಾಡ್ವಾ. ನಮ್ಮ ಭೀಮನ ಅಮಾವಾಸ್ಯೆ ದಿನ ಇಲ್ಲಿ ದೀಪ ಅಮಾವಾಸ್ಯೆ, ಮನೇಲಿರೋ ದೀಪಗಳನ್ನೆಲ್ಲ ತಿಕ್ಕಿ ತೊಳೆದು ಸಾಲಾಗಿಟ್ಟು ಪೂಜೆ ಮಾಡ್ತಾರೆ. ಹಾಗಾಗಿ ಗೋಡೆ ಮೇಲೆ ಇವರ ಕಾಲನಿರ್ಣಯ ಕ್ಯಾಲೆಂಡರ್ ಇದ್ರೂ ಸಾಕು, ಒಂಟಿಕೊಪ್ಪಲ್ ಪಂಚಾಂಗ ಇಲ್ದೆ ಅತ್ತೆಗೆ ಸಮಾಧಾನ ಇಲ್ಲ ಅಂದ್ರೆ ಊರಿಂದ ಅದನ್ನೂ ತರಿಸ್ಕೊಳ್ಳಿ.

ಎಡವೋದು ಗೌರಿ ಹತ್ರ. ನಮಗೆ ಭಾದ್ರಪದ ತದಿಗೆ ದಿನ ಅಮ್ಮ ತವರಿಗೆ ಬರ್ತಾಳೆ, ಮಾರನೇ ದಿನ ಮಗ ಕರ್ಕೊಂಡು ಹೋಗೋಕೆ ಬರ್ತಾನೆ, ಅಲ್ವಾ? ಇಲ್ಲಿ ಮಗನೇ ಮೊದ್ಲು. ಅವನು ಬಂದು ಎರಡು ಮೂರು ದಿನ ಆದ್ಮೇಲೆ ಅನುರಾಧಾ ನಕ್ಷತ್ರದಲ್ಲಿ ಗೌರಿ ಬರ್ತಾಳೆ, ಜ್ಯೇಷ್ಠಾದಲ್ಲಿ ಪೂಜೆ, ಮೂಲಾದಲ್ಲಿ ಕಳಿಸೋದು. ಅದೂ ಎಷ್ಟೋ ಮನೇಲಿ ಒಬ್ಬಳಲ್ಲ, ಅಕ್ಕ ತಂಗಿ ಇಬ್ಬರು.

ಇದು ಗೊತ್ತಿಲ್ದೆ ಮೊದಲ ವರ್ಷ ನಾನು ತದಿಗೆ ದಿನ ಬೆಳಗ್ಗೆನೇ ಪೂಜೆ ಮುಗಿಸಿ, ಹದಿನಾರು ಗಂಟಿನ ದಾರ ಕಟ್ಕೊಂಡು, ಬಾಗಿನದ ಜೊತೆ ಬಿಸಿ ಬಿಸಿ ಒಬ್ಬಟ್ಟು ತಗೊಂಡು ಪಕ್ಕದ ಮನೆ ಕಾಕೂ ಬಾಗಿಲು ತಟ್ಟಿದೆ. ಅವತ್ತು ಅವರಿಗೆ ಹರಿತಾಲಿಕಾ, ಕಟ್ಟುನಿಟ್ಟಿನ ಉಪವಾಸ! ಒಳಗೆ ಮರಳಲ್ಲಿ ಮಾಡಿದ ಪಾರ್ವತಿ, ಇವ್ರು ಹಣ್ಣು ಬಿಟ್ರೆ ಏನೂ ಮುಟ್ಟಲ್ಲ. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಕಾಕೂ ನಕ್ಕು ಬಾಗಿನ ಇಸ್ಕೊಂಡ್ರು, ಒಬ್ಬಟ್ಟನ್ನ ನಾಳೆಗೆ ಅಂತ ಮುಚ್ಚಿಟ್ರು.

ಆಮೇಲೆ ಅವರ ಗೌರಿ ಬರೋ ದಿನ ನನ್ನನ್ನೂ ಕರೆದ್ರು. ಹೊಸ್ತಿಲಿಂದ ದೇವರ ಕೋಣೆವರೆಗೂ ರಂಗೋಲಿಲಿ ಪುಟ್ಟ ಪುಟ್ಟ ಹೆಜ್ಜೆ, ಸೊಸೆ ಗೌರಿ ಮುಖವಾಡ ಹಿಡ್ಕೊಂಡು ಒಂದೊಂದೇ ಹೆಜ್ಜೆ ಮೇಲೆ ನಿಂತು "ಗೌರಿ ಆಲೀ, ಸೋನ್ಯಾಚ್ಯಾ ಪಾವಲೀ ಆಲೀ" ಅಂತಾಳೆ, ಬಂಗಾರದ ಹೆಜ್ಜೇಲಿ ಬಂದ್ಲು ಅಂತ. ಅವತ್ತು ಸೊಪ್ಪಿನ ಪಲ್ಯ ಭಾಕ್ರಿ, ಮಾರನೇ ದಿನ ಪೂರಣಪೋಳಿ, ಹದಿನಾರು ತರಕಾರಿ ಪಲ್ಯ. ಪೂರಣಕ್ಕೆ ಕಡ್ಲೆಬೇಳೆ ಹಾಕ್ತಾರೆ, ನಂಗೆ ಈಗ್ಲೂ ನಮ್ಮ ತೊಗರಿಬೇಳೆ ಒಬ್ಬಟ್ಟೇ ಇಷ್ಟ, ಅದನ್ನ ಅವರ ಮುಂದೆ ಹೇಳಲ್ಲ ಅಷ್ಟೇ.

ಹಾಗಂತ ನಿಮ್ಮ ತದಿಗೆ ಬಿಡ್ಬೇಡಿ. ಮಾಡಿ, ತಿಂಡಿ ಮಾತ್ರ ಚೌತಿ ದಿನ ಹಂಚಿ.

ಬಾಗಿನದ ಮೊರಕ್ಕೆ ಬುರುಡ ಆಳಿ ಅನ್ನೋ ಬೀದಿಗೆ ಹೋಗಿ. ಬುರುಡರು ಅಂದ್ರೆ ನಮ್ಮ ಮೇದಾರರೇ. ಮೊರ ಅಂದ್ರೆ ಅರ್ಥ ಆಗಲ್ಲ, "ಸೂಪ" ಅಂತ ಕೇಳಿ. ಜೋಡಿನೇ ತಗೊಳ್ಳಿ, ಮುಚ್ಚೋಕೂ ಒಂದು ಬೇಕಲ್ಲ. ಹಬ್ಬದ ಹಿಂದಿನ ದಿನ ಪೇಟೆ ಕಡೆ ಕಾಲಿಡೋಕಾಗಲ್ಲ, ಒಂದು ವಾರ ಮುಂಚೆನೇ ತಂದಿಡಿ. ಬಿದಿರು ಒತ್ತಾಗಿ ಹೆಣೆದಿದ್ಯಾ ಅಂತ ಬೆಳಕಿಗೆ ಹಿಡಿದು ನೋಡಿ ತಗೊಳ್ಳಿ, ಯಾಕಂದ್ರೆ ಇಲ್ಲಿ ಅದನ್ನ ಅಟ್ಟಕ್ಕೆ ಹಾಕಲ್ಲ, ಕಾಕೂ ನಾನು ಹೋದ ವರ್ಷ ಕೊಟ್ಟಿದ್ರಲ್ಲೇ ದಿನಾ ಅಕ್ಕಿ ಕೇರ್ತಾರೆ.