ಅಡಿಕೆ ಡ್ರೈಯರ್‌ಗೆ ಪಿಐಡಿ ಕೂರಿಸಿದ ಕಥೆ

ನಮ್ಮ ಮನೆಯ ಅಡಿಕೆ ಡ್ರೈಯರ್ ಕಟ್ಟಿಗೆಯದು. ಕೆಳಗೆ ಒಲೆ, ಮೇಲೆ ಬಿಸಿಗಾಳಿ ಹಾಯುವ ತಟ್ಟೆಗಳು. ಅಡಿಕೆಗೊನೆ ಕೊಯ್ಯುವ ಹೊತ್ತಿಗೆ ಶಿವಮೊಗ್ಗ ಜಿಲ್ಲೆಯ ನಮ್ಮ ಸಾಗರದ ಕಡೆ ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ಸುಲಿದು ಚೊಗರಿನಲ್ಲಿ (ಅಡಿಕೆ ಬೇಯಿಸಿ ಉಳಿದ ಕೆಂಪು ರಸದಲ್ಲಿ) ಬೇಯಿಸಿದ ಅಡಿಕೆ ಹರವಿ, ಮೋಡ ನೋಡುತ್ತಾ ಎಷ್ಟು ದಿನ ಕೂರುವುದು? ಡ್ರೈಯರ್‌ಗೆ ಹಾಕುತ್ತೇವೆ. ಗಾಳಿ 60 ಡಿಗ್ರಿ ಆಸುಪಾಸು ಇರಬೇಕು ಅನ್ನುವುದು ನಮ್ಮ ಮನೆಯ ಲೆಕ್ಕ. ಬಿಸಿ ಜಾಸ್ತಿಯಾದರೆ ಅಡಿಕೆಯ ಮೇಲ್ಮೈ ಬೇಗ ಬಿಗಿದುಕೊಂಡು ಒಳಗೆ ಹಸಿ ಉಳಿಯುತ್ತದೆ. ಆಮೇಲೆ ಮೂಟೆಯಲ್ಲಿ ಬೂಸ್ಟು.

ಅಪ್ಪಯ್ಯ ರಾತ್ರಿ ಮೂರು ನಾಲ್ಕು ಸಲ ಎದ್ದು ಬೆಂಕಿ ನೋಡಿಕೊಳ್ಳುತ್ತಿದ್ದರು. ನಾನು ಬೆಂಗಳೂರಿನಲ್ಲಿ ಇನ್‌ಸ್ಟ್ರುಮೆಂಟೇಶನ್ ಎಂಜಿನಿಯರ್. ಹಗಲೆಲ್ಲ ಬೇರೆಯವರ ಕಾರ್ಖಾನೆಯ ಉಷ್ಣತೆ ಹಿಡಿದಿಡುವವನು ಮನೆಯ ಒಲೆಗೆ ಏನೂ ಮಾಡಿಲ್ಲ ಅಂದರೆ ನಾಚಿಕೆಯೇ ಅಲ್ವಾ? ಒಲೆಗೆ ಪಿಐಡಿ ಕೂರಿಸಲು ಎರಡು ವಾರ ರಜೆ ಹಾಕಿ ಊರಿಗೆ ಬಂದೆ. ಪಿಐಡಿ ಅಂದರೆ ಬೇಕಾದ ಬಿಸಿಗೂ ಈಗಿನ ಬಿಸಿಗೂ ಇರುವ ತಪ್ಪನ್ನು ನೋಡಿ ತಾನೇ ತಿದ್ದುವ ಲೆಕ್ಕ. ಪಿ ಈಗಿನ ತಪ್ಪನ್ನು ನೋಡುತ್ತದೆ, ಐ (ಇಂಟಿಗ್ರಲ್) ಈವರೆಗಿನ ತಪ್ಪನ್ನೆಲ್ಲ ಕೂಡಿಸುತ್ತದೆ, ಡಿ ಬದಲಾವಣೆಯ ವೇಗ ನೋಡುತ್ತದೆ.

ಸಾಮಾನು ದೊಡ್ಡದೇನಲ್ಲ. ಆರ್ಡುಯಿನೋ ಊನೋ ಎಂಬ ಒಂದು ಪುಟ್ಟ ಕಂಪ್ಯೂಟರ್ ಬೋರ್ಡ್, ಗಾಳಿಯ ಬಿಸಿ ಅಳೆಯಲು ಡಿಎಸ್18ಬಿ20 ಸೆನ್ಸರ್, ಒಲೆಗೆ ಗಾಳಿ ಊದಲು 12 ವೋಲ್ಟಿನ ಸಣ್ಣ ಬ್ಲೋವರ್, ಅದನ್ನು ಸೆಕೆಂಡಿಗೆ 490 ಸಲ ಆನ್ ಆಫ್ ಮಾಡಿ ವೇಗ ಹೊಂದಿಸುವ ಒಂದು ಮಾಸ್ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್). ಬ್ಯಾಟರಿಯಲ್ಲೇ ಓಡುವಂತೆ ಮಾಡಿದೆ. ನಮ್ಮ ಕಡೆ ಕರೆಂಟ್ ನಂಬಿಕೊಂಡು ಬೆಂಕಿ ಹಾಕುವುದು ಬೇಡ.

ಮೊದಲ ತಪ್ಪು ಸ್ಯಾಂಪ್ಲಿಂಗಿನಲ್ಲಿ. ಸುಮ್ನೆ ಅಭ್ಯಾಸದಿಂದ ಸೆಕೆಂಡಿಗೊಮ್ಮೆ ಅಳೆದು ಪಿಐಡಿ ಲೆಕ್ಕ ಓಡಿಸಿದೆ. ಬ್ಲೋವರ್ ಒಮ್ಮೆ ಸದ್ದಿಲ್ಲದೆ, ಒಮ್ಮೆ ಕಿರುಚುತ್ತಾ ತಿರುಗತೊಡಗಿತು. ಎಸ್‌ಡಿ ಕಾರ್ಡಿನಲ್ಲಿ ಬರೆದಿಟ್ಟದ್ದನ್ನು ನೋಡಿದ ಮೇಲೆ ಅರ್ಥವಾಯಿತು. ಈ ಸೆನ್ಸರ್‌ನ 12 ಬಿಟ್ ಓದಿನಲ್ಲಿ ಒಂದು ಮೆಟ್ಟಿಲು ಅಂದರೆ 0.0625 ಡಿಗ್ರಿ. ನಮ್ಮ ಡ್ರೈಯರ್ ಏರುವುದು ನಿಮಿಷಕ್ಕೆ ಅರ್ಧ ಡಿಗ್ರಿ. ಅಂದರೆ ಏಳು ಸೆಕೆಂಡ್ ಏನೂ ಬದಲಾಗುವುದಿಲ್ಲ, ಎಂಟನೆಯದರಲ್ಲಿ ಒಂದು ಜಿಗಿತ. ಬಿಸಿ ಎಷ್ಟು ವೇಗವಾಗಿ ಬದಲಾಗುತ್ತಿದೆ ಎಂದು ನೋಡುವ ಡಿ ಭಾಗ ಆ ಜಿಗಿತವನ್ನು ಬೆಂಕಿ ಭುಗಿಲೆದ್ದಿದೆ ಅಂತಲೇ ತಿಳಿಯುತ್ತಿತ್ತು.

ಮೊದಲೇ ಮಾಡಬೇಕಿದ್ದ ಕೆಲಸವನ್ನು ಆಮೇಲೆ ಮಾಡಿದೆ. ಬ್ಲೋವರ್ 40 ಶೇಕಡಾದಲ್ಲಿದ್ದಾಗ ಒಮ್ಮೆಗೇ 60ಕ್ಕೆ ಏರಿಸಿ, ಕೈಕಟ್ಟಿ ಕೂತೆ. ಎರಡು ನಿಮಿಷ ಏನೂ ಆಗಲಿಲ್ಲ. ಇದು ಡೆಡ್ ಟೈಮ್. ಆಮೇಲೆ ನಿಧಾನವಾಗಿ ಏರಿ, ಒಟ್ಟು ಏರಿಕೆಯ ಮೂರರಲ್ಲಿ ಎರಡು ಪಾಲು ಮುಟ್ಟಲು ಹದಿನಾಲ್ಕು ನಿಮಿಷ ಹಿಡಿಯಿತು. ಇಂಥ ಮಂದ ಒಲೆಗೆ ಸೆಕೆಂಡಿನ ಅವಸರ ಯಾಕೆ? ಸ್ಯಾಂಪ್ಲಿಂಗನ್ನು 15 ಸೆಕೆಂಡಿಗೊಮ್ಮೆ ಅಂತ ಇಳಿಸಿದೆ. ಡಿ ಭಾಗವನ್ನು ತೆಗೆದೇ ಹಾಕಿದೆ.

ಟ್ಯೂನಿಂಗಿಗೆ, ಅಂದರೆ ತಪ್ಪಿಗೆ ಎಷ್ಟು ಜೋರಾಗಿ ಪ್ರತಿಕ್ರಿಯಿಸಬೇಕು ಎಂಬ ಸಂಖ್ಯೆಗಳನ್ನು ಹೊಂದಿಸಲು, ಸ್ವೀಡನ್ನಿನ ಓಸ್ಟ್ರಮ್ ಮತ್ತು ಹೆಗ್ಲುಂಡ್ 1984ರಲ್ಲಿ ಕೊಟ್ಟ ರಿಲೇ ವಿಧಾನ ಹಿಡಿದೆ. ನನಗೆ ಇದು ತುಂಬ ಇಷ್ಟ, ಯಾಕೆಂದರೆ ಗಣಿತದ ಮಾದರಿಯೇ ಬೇಡ. ಬಿಸಿ 60ಕ್ಕಿಂತ ಕಮ್ಮಿ ಇದ್ದರೆ ಬ್ಲೋವರ್ 70, ಜಾಸ್ತಿ ಇದ್ದರೆ 30. ಇಷ್ಟೇ. ಬಿಸಿ ತಾನಾಗಿ ತೂಗುಯ್ಯಾಲೆ ಆಡತೊಡಗುತ್ತದೆ. ಅಪ್ಪಯ್ಯ ಒಂದೇ ಸಮ ಕಟ್ಟಿಗೆ ಕೊಡುತ್ತಾ ಕೂತರು, ನಾನು ಗಡಿಯಾರ ನೋಡಿದೆ. ಒಂದು ತೂಗಿಗೆ ಎಂಟು ನಿಮಿಷ, 60ರಿಂದ ಆಚೆ ಈಚೆ ಸುಮಾರು 4 ಡಿಗ್ರಿ. ಬ್ಲೋವರ್ ತೂಗಿದ್ದು ನಡುವಿನ 50ರಿಂದ ಆಚೆ ಈಚೆ 20. ಇಪ್ಪತ್ತನ್ನು ನಾಲ್ಕರಿಂದ ಗುಣಿಸಿ, ಪೈ ಸಲ ನಾಲ್ಕರಿಂದ ಭಾಗಿಸಿದರೆ 6.4. ತಪ್ಪನ್ನು ಗುಣಿಸುವ ಸಂಖ್ಯೆ ಇಷ್ಟಾದರೆ ತೂಗು ನಿಲ್ಲುವುದೇ ಇಲ್ಲ. ಝೀಗ್ಲರ್ ಮತ್ತು ನಿಕೋಲ್ಸ್ 1942ರಲ್ಲಿ ಹೇಳಿದ ಸೂತ್ರದಂತೆ ಡಿ ಇಲ್ಲದ ಪಿಐಗೆ ಅದರ 0.45 ಪಾಲು, ಅಂದರೆ 2.9. ಆ ಸೂತ್ರದ ಉತ್ತರ ನನ್ನ ಅನುಭವದಲ್ಲಿ ಯಾವಾಗಲೂ ಸ್ವಲ್ಪ ಆತುರದ್ದು. ಅರ್ಧ ಮಾಡಿ 1.5 ಇಟ್ಟೆ. ಇಂಟಿಗ್ರಲ್ ಎಷ್ಟು ನಿಧಾನವಾಗಿ ಕೂಡಿಸಬೇಕು ಎಂದು ಹೇಳುವ ಇಂಟಿಗ್ರಲ್ ಸಮಯ 8 ನಿಮಿಷ, ಅಂದರೆ 480 ಸೆಕೆಂಡ್.

ಬಿಸಿ ಬಂದು 55ರಲ್ಲಿ ನಿಂತಿತು. 60 ಕೇಳಿದರೆ 55. ರಾತ್ರಿಯೆಲ್ಲ 55.

ಇಂಟಿಗ್ರಲ್ ಇರುವುದೇ ಇಂಥ ಉಳಿಕೆ ತಪ್ಪನ್ನು ತಿದ್ದಲು. ಅದು ಯಾಕೆ ಸುಮ್ಮನಿತ್ತು? ಊನೋದ ಚಿಪ್ಪಿಗೆ ದಶಾಂಶದ ಲೆಕ್ಕ ನಿಧಾನ ಅಂತ ನಾನು ಜಾಣತನ ಮಾಡಿ ಎಲ್ಲವನ್ನೂ ಪೂರ್ಣಾಂಕದಲ್ಲಿ ಬರೆದಿದ್ದೆ. 15 ಸೆಕೆಂಡಿಗೊಮ್ಮೆ ಮಾಡುವ ಲೆಕ್ಕಕ್ಕೆ ಆ ವೇಗ ಯಾರಿಗೆ ಬೇಕಿತ್ತೋ! ಪ್ರತಿ ಸಲ ಇಂಟಿಗ್ರಲ್‌ಗೆ ಸೇರಬೇಕಾದದ್ದು 1.5 ಸಲ 15 ಭಾಗ 480, ಅಂದರೆ ಪ್ರತಿ ಡಿಗ್ರಿ ತಪ್ಪಿಗೆ ಸುಮಾರು 0.047. ಐದು ಡಿಗ್ರಿಗೆ 0.23. ಪೂರ್ಣಾಂಕದಲ್ಲಿ ಅದು ಸೊನ್ನೆ. ತಪ್ಪು 21 ಡಿಗ್ರಿ ದಾಟುವವರೆಗೂ ಪಾಪದ ಇಂಟಿಗ್ರಲ್‌ಗೆ ಏನೂ ಸಿಗುತ್ತಲೇ ಇರಲಿಲ್ಲ. ಎಲ್ಲವನ್ನೂ ಸಾವಿರ ಪಟ್ಟು ಮಾಡಿ 32 ಬಿಟ್‌ನಲ್ಲಿ ಕೂಡಿಸಿ, ಕೊನೆಗೆ ಮಾತ್ರ ಸಾವಿರದಿಂದ ಭಾಗಿಸಿದೆ. ಬಿಸಿ 60ಕ್ಕೆ ಬಂದು ಕೂತಿತು.

ಆವತ್ತು ಖುಷಿಯಲ್ಲಿ ಎಲ್ಲರೂ ಮಲಗಿದೆವು. ಬೆಳಗಿನ ಜಾವ ಅಪ್ಪಯ್ಯ ಎಬ್ಬಿಸಿದರು. "ಎಂತ ಮಾರಾಯ, ನಿನ್ನ ಡಬ್ಬಿ ಅಡಿಕೆ ಹುರೀತಾ ಉಂಟು."

83 ಡಿಗ್ರಿ ಇತ್ತು. ಕಾರ್ಡ್ ತೆಗೆದು ನೋಡಿದೆ. ಮೂರು ಗಂಟೆಗೆ ಕಟ್ಟಿಗೆ ಮುಗಿದಿದೆ. ಬಿಸಿ 45ಕ್ಕೆ ಇಳಿದಿದೆ. ಬ್ಲೋವರ್ ನೂರಕ್ಕೆ ನೂರು ಓಡುತ್ತಾ ಉಳಿದಿದ್ದ ಕೆಂಡವನ್ನೂ ಬೂದಿ ಮಾಡಿದೆ. ಆದರೂ ಹೊಸದಾಗಿ ಜೀವ ಬಂದ ಇಂಟಿಗ್ರಲ್ ಒಂದು ಗಂಟೆ ಹೊತ್ತು ಕೂಡಿಸುತ್ತಲೇ ಹೋಗಿ ಒಳಗೆ 200 ದಾಟಿದೆ. ನಾಲ್ಕಕ್ಕೆ ಅಪ್ಪಯ್ಯ ಎದ್ದು ಒಣಕಟ್ಟಿಗೆ ತುಂಬಿದ್ದಾರೆ. ಬಿಸಿ 60 ದಾಟಿದ ಮೇಲೂ ಆ ಕೂಡಿಟ್ಟ ಗಂಟು ಕರಗಲು ಅರ್ಧ ಗಂಟೆ. ಅಲ್ಲಿಯವರೆಗೂ ಬ್ಲೋವರ್ ಪೂರ್ತಿ ವೇಗ.

ಇದಕ್ಕೆ ವೈಂಡಪ್ ಅನ್ನುತ್ತಾರೆ. ಕಾಲೇಜಿನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಬ್ಲೋವರ್ ನೂರು ಮುಟ್ಟಿದಾಗ ಅದೇ ದಿಕ್ಕಿಗೆ ಕೂಡಿಸುವುದನ್ನು ನಿಲ್ಲಿಸು ಅಂತ ಒಂದು ಸಾಲು ಸೇರಿಸಿದರೆ ಗಂಟು ಬೆಳೆಯುವುದಿಲ್ಲ. ಆದರೆ ಆ ಸಾಲು ಬರೆದ ಮೇಲೂ ನನಗೆ ಸಮಾಧಾನವಾಗಲಿಲ್ಲ. ಇಲ್ಲಿ ಕಟ್ಟಿಗೆಯೇ ಇರಲಿಲ್ಲ. ಇಲ್ಲದ ಕಟ್ಟಿಗೆಯನ್ನು ಎಷ್ಟು ಊದಿದರೆ ಏನು? ಇನ್ನೊಂದು ನಿಯಮ ಹಾಕಿದೆ. ಬ್ಲೋವರ್ ಹತ್ತು ನಿಮಿಷ ನೂರರಲ್ಲಿದ್ದೂ ಬಿಸಿ ಇಳಿಯುತ್ತಲೇ ಇದ್ದರೆ ಲೆಕ್ಕ ನಿಲ್ಲಿಸು, ಕೆಂಡ ಉಳಿಯುವಷ್ಟು, ಅಂದರೆ 25 ಶೇಕಡಾಗೆ ಇಳಿಸು, ಬಜರ್ ಹೊಡಿ. ಇಡೀ ಪ್ರೋಗ್ರಾಮಿನಲ್ಲಿ ನನಗೆ ಹೆಮ್ಮೆ ಇರುವುದು ಈ ನಾಲ್ಕು ಸಾಲಿನ ಮೇಲೆ.

ಸೆನ್ಸರ್ ಕೂಡ ಕಾಡಿತು. ಬ್ಲೋವರ್ ಜೋರಾಗಿ ಎದ್ದಾಗ ವೋಲ್ಟೇಜ್ ಕುಸಿದು ಸೆನ್ಸರ್ ರೀಸೆಟ್ ಆಗಿ 85 ಅಂತ ತೋರಿಸುತ್ತಿತ್ತು. ಪವರ್ ಬಂದ ಕೂಡಲೇ ಅಳತೆ ಮಾಡುವ ಮೊದಲು ಅದು ಹೇಳುವ ಸಂಖ್ಯೆಯೇ ಅದು. ಇನ್ನೂ ಅಪಾಯದ್ದು ವೈರ್ ಕಡಿದಾಗ. ಸೆನ್ಸರ್ ಓದುವ ಸಿದ್ಧ ಕೋಡ್ (ಲೈಬ್ರರಿ) ಆಗ -127 ಕೊಡುತ್ತದೆ. ಅದನ್ನು ನಂಬಿದರೆ ಬ್ಲೋವರ್ ಪೂರ್ತಿ ಓಡುತ್ತದೆ. ಅಡಿಕೆ ಮನೆಯಲ್ಲಿ ಇಲಿ ಇಲ್ಲದೆ ಇರುತ್ತದೆಯೇ? ಈಗ ಇಂಥ ಓದು ಬಂದರೆ ಹಿಂದಿನದನ್ನೇ ಇಟ್ಟುಕೊಳ್ಳುತ್ತದೆ. ಸತತ ನಾಲ್ಕು ಸಲ ಬಂದರೆ ಬ್ಲೋವರ್ ನಿಲ್ಲಿಸಿ ಬಜರ್ ಹೊಡೆಯುತ್ತದೆ.

ಒಂದು ಕೊರತೆ ಹಾಗೇ ಉಳಿದಿದೆ. ಬ್ಲೋವರ್ ಬೆಂಕಿಯನ್ನು ಏರಿಸಬಲ್ಲದು, ಇಳಿಸಲಾರದು. ಹೊತ್ತಿದ ಕಟ್ಟಿಗೆ ತನ್ನ ಪಾಡಿಗೆ ಉರಿಯುತ್ತದೆ. ಮೋಟಾರಿನಲ್ಲಿ ತೆರೆಯುವ ಗಾಳಿಕದ ಮಾಡೋಣ ಅಂದೆ. ಅಪ್ಪಯ್ಯ ಒಪ್ಪಲಿಲ್ಲ. ದೊಡ್ಡ ಕುಂಟೆ (ಮರದ ದಿಮ್ಮಿ) ಹಾಕುವುದು ಬಿಟ್ಟು ಸೀಳಿದ ಕಟ್ಟಿಗೆಯನ್ನೇ ಎರಡೆರಡು ಹಾಕತೊಡಗಿದರು. ಬಿಸಿ 3 ಡಿಗ್ರಿಯೊಳಗೆ ನಿಲ್ಲುತ್ತಿದೆ. ನನ್ನ ಕದಕ್ಕೆ ಕೆಲಸವೇ ಉಳಿಯಲಿಲ್ಲ.

ಬಜರ್ ಮೊದಲು ಡ್ರೈಯರ್ ಪಕ್ಕದಲ್ಲೇ ಇತ್ತು, ಮನೆಗೆ ಕೇಳಿಸುತ್ತಿರಲಿಲ್ಲ. ಹೊರಡುವ ಹಿಂದಿನ ದಿನ ವೈರ್ ಎಳೆದು ಅಪ್ಪಯ್ಯನ ಮಂಚದ ತಲೆಗೆ ಕಟ್ಟಿದೆ. ಮುಂದಿನ ಸಲ ಹೋದಾಗ ಕಾರ್ಡ್ ನೋಡಿದೆ. ಒಂದು ರಾತ್ರಿ 3:10ಕ್ಕೆ ಬಜರ್, 3:19ಕ್ಕೆ ಬಿಸಿ ಏರಲು ಶುರು. ಎರಡು ನಿಮಿಷದ ಡೆಡ್ ಟೈಮ್ ಕಳೆದರೆ, ಅಪ್ಪಯ್ಯ ಏಳು ನಿಮಿಷದೊಳಗೆ ಕಟ್ಟಿಗೆ ಹಾಕಿದ್ದಾರೆ. ಆ ರಾತ್ರಿ ಅದಕ್ಕಿಂತ ಮೊದಲು ಬಜರ್ ಒಮ್ಮೆಯೂ ಹೊಡೆದಿರಲಿಲ್ಲ.