ಆಬ್ಜೆಕ್ಟ್ ಒಳಗೆ ಏನೇನಿದೆ? ಒಂದೇ ಲೂಪ್ ಸಾಕು

ಗೆಳೆಯರೇ, ವಿಜಯಪುರದ ಒಂದು ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜ್‌ಗೆ ಸಿ ಶಾರ್ಪ್ (C#) ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸ್ಟಾಕ್ ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. 'ಲಾಟ್' ಕ್ಲಾಸ್ (ಆಬ್ಜೆಕ್ಟ್‌ಗಳ ಅಚ್ಚು) ಒಂದರಲ್ಲೇ 38 ಪ್ರಾಪರ್ಟಿಗಳು, ಅಂದರೆ ಮಾಹಿತಿಯ ಅಂಶಗಳು. ರೈತರ ಹೆಸರು, ಬಾಕ್ಸ್, ತೂಕ, ಬಾಡಿಗೆ, ಹೀಗೆ. ಲಾಗ್‌ಗೆ (ಪ್ರೋಗ್ರಾಂ ಬರೆದಿಡುವ ದಾಖಲೆಗೆ) ಎಲ್ಲವನ್ನೂ ಒಂದೊಂದಾಗಿ ಬರೆದಿದ್ದೆ. ಆಮೇಲೆ 'ಗ್ರೇಡ್' ಸೇರಿಸಿದೆ, ಲಾಗ್‌ಗೆ ಹಾಕುವುದು ಬಿಟ್ಟುಹೋಯ್ತು. ತಪ್ಪು ಹುಡುಕಲು ಎರಡು ದಿನ ಹಿಡಿಯಿತು.

ಈಗ ರಿಫ್ಲೆಕ್ಷನ್ ಬಳಸುತ್ತೇನೆ, ಅಂದರೆ ಆಬ್ಜೆಕ್ಟ್ ಒಳಗೆ ಏನೇನಿದೆ ಎಂದು ಪ್ರೋಗ್ರಾಂ ಓಡುವಾಗಲೇ ಕೇಳಿ ತಿಳಿಯುವ ವಿಧಾನ. ಆಬ್ಜೆಕ್ಟ್ ಮೇಲೆ ಗೆಟ್‌ಟೈಪ್, ಅದರ ಮೇಲೆ ಗೆಟ್‌ಪ್ರಾಪರ್ಟೀಸ್ ಕರೆಯಿರಿ. ಪಬ್ಲಿಕ್ ಪ್ರಾಪರ್ಟಿಗಳ ಪಟ್ಟಿ ಬರುತ್ತದೆ. ಅದನ್ನು ಫಾರ್‌ಈಚ್‌ನಲ್ಲಿ ಸುತ್ತಿಸಿ. ಪ್ರತಿ ಪ್ರಾಪರ್ಟಿಯ 'ನೇಮ್' ಅಂದರೆ ಆ ಪ್ರಾಪರ್ಟಿಯ ಹೆಸರು. ಗೆಟ್‌ವ್ಯಾಲ್ಯೂಗೆ ಅದೇ ಆಬ್ಜೆಕ್ಟ್ ಕೊಟ್ಟರೆ ಆ ಕ್ಷಣದ ವ್ಯಾಲ್ಯೂ ಸಿಗುತ್ತದೆ. ನಾಳೆ ಇನ್ನೊಂದು ಪ್ರಾಪರ್ಟಿ ಸೇರಿಸಿದರೂ ಲಾಗ್ ಕೋಡ್ ಮುಟ್ಟಬೇಕಿಲ್ಲ.

ಗೆಟ್, ಸೆಟ್ ಇಲ್ಲದ ಬರೀ ಫೀಲ್ಡ್‌ಗಳು ಇದರಲ್ಲಿ ಬರುವುದಿಲ್ಲ, ಅವಕ್ಕೆ ಗೆಟ್‌ಫೀಲ್ಡ್ಸ್ ಬೇಕು. ಬಹಳ ಜನ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಆಬ್ಜೆಕ್ಟೇ ನಲ್ (ಖಾಲಿ) ಇದ್ದರೆ ಗೆಟ್‌ಟೈಪ್ ಕರೆದಾಗ ಎಕ್ಸೆಪ್ಷನ್ (ದೋಷ) ಬರುತ್ತದೆ, ಮೊದಲೇ ನೋಡಿಕೊಳ್ಳಿ. ಪಟ್ಟಿ ಕ್ಲಾಸ್‌ನಲ್ಲಿ ಬರೆದ ಕ್ರಮದಲ್ಲೇ ಬರುತ್ತದೆ ಎಂಬ ಖಾತ್ರಿ ಇಲ್ಲ, ಬೇಕಿದ್ದರೆ ಹೆಸರಿನ ಪ್ರಕಾರ ಜೋಡಿಸಿಕೊಳ್ಳಿ.

ಸಾವಿರಾರು ಲಾಟ್ ಇದ್ದರೆ ಪಟ್ಟಿಯನ್ನು ಲೂಪ್ ಹೊರಗೆ ಒಮ್ಮೆ ಮಾತ್ರ ತೆಗೆದಿಟ್ಟುಕೊಳ್ಳಿ. ಸುಮ್ನೆ ಪ್ರತಿ ಲಾಟ್‌ಗೂ ಕೇಳಿದರೆ ಕೆಲಸ ಜಾಸ್ತಿ.