ಅಗ್ಗದ ಟ್ಯಾಬ್, ಜೊತೆಗೊಂದು ಕೀಬೋರ್ಡ್: ನನ್ನ ಬ್ಲಾಗ್ ನಡೆಯುವುದು ಹೀಗೆ

ಕೊಪ್ಪಳ ಸುತ್ತಮುತ್ತಲಿನ ಗುಡಿ, ಶಾಸನ, ಗುಡ್ಡಗಳ ಬಗ್ಗೆ ನಾನು ಬ್ಲಾಗ್ ಬರೆಯುತ್ತೇನೆ. ಲ್ಯಾಪ್‌ಟಾಪ್ ಇಲ್ಲ. ಹತ್ತು ಇಂಚಿನ, 4 ಜಿಬಿ ರ್‍ಯಾಮ್ ಇರುವ ಸಾದಾ ಆಂಡ್ರಾಯ್ಡ್ ಟ್ಯಾಬ್, ಒಂದು ಬ್ಲೂಟೂತ್ ಕೀಬೋರ್ಡ್, ಅಷ್ಟೇ. ದುಡ್ಡು ಉಳಿಸುವುದಿದ್ದರೆ ಟ್ಯಾಬ್‌ನಲ್ಲಿ ಉಳಿಸಿ, ಕೀಬೋರ್ಡ್‌ನಲ್ಲಿ ಬೇಡ. ಕವರ್ ಜೊತೆ ಅಂಟಿಸಿಕೊಡುವ ಪುಟ್ಟ ಕೀಬೋರ್ಡ್‌ಗಳಲ್ಲಿ ಕೀಗಳು ತೀರಾ ಇಕ್ಕಟ್ಟು. ಎರಡು ಪ್ಯಾರಾ ಆಗುವಷ್ಟರಲ್ಲಿ ಬೆರಳು ನೋಯುತ್ತವೆ.

ನಿಜವಾದ ತೊಡಕು ಇರುವುದು ಕನ್ನಡದಲ್ಲಿ. ಇಂಗ್ಲಿಷ್ ಆದರೆ ಕೀಬೋರ್ಡ್ ಜೋಡಿಸಿದ ಕೂಡಲೇ ಮೂಡುತ್ತದೆ. ಕನ್ನಡಕ್ಕೆ ಆ ಭಾಗ್ಯ ಇಲ್ಲ. ಬೆರಳಿನಲ್ಲಿ ಮುಟ್ಟಿ ಬರೆಯುವಾಗ ಚೆನ್ನಾಗಿ ಕೆಲಸ ಮಾಡುವ ಆ್ಯಪ್ ಕೂಡ ಹೊರಗಿನ ಕೀಬೋರ್ಡ್ ಬಂದರೆ ಬರೀ ಇಂಗ್ಲಿಷ್ ಅಕ್ಷರ ಕಕ್ಕಬಹುದು. ಅದಕ್ಕೇ ಕೊಳ್ಳುವ ಮೊದಲು ಯಾರದಾದರೂ ಬ್ಲೂಟೂತ್ ಕೀಬೋರ್ಡ್ ಇಸ್ಕೊಂಡು ನಿಮ್ಮ ಫೋನಿಗೇ ಜೋಡಿಸಿ ನೋಡಿ. ಫೋನಿನಲ್ಲಿ ಯಾವ ಆ್ಯಪ್ ಒಪ್ಪುತ್ತದೋ ಅದನ್ನೇ ಟ್ಯಾಬ್‌ಗೂ ಹಾಕಿಕೊಳ್ಳಿ.

ನಾನು ಬಳಸುವುದು ಕೆ.ಪಿ. ರಾವ್ ವಿನ್ಯಾಸ, ಅಂದರೆ ಯಾವ ಕೀ ಒತ್ತಿದರೆ ಯಾವ ಕನ್ನಡ ಅಕ್ಷರ ಮೂಡಬೇಕು ಎನ್ನುವ ಒಂದು ಜೋಡಣೆ. ಕಂಪ್ಯೂಟರ್‌ನಲ್ಲಿ ಕನ್ನಡ ಬರೆಯುವ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದವರಿಗೆ ಇದು ಕೈಗೆ ಕೂತಿರುತ್ತದೆ. ಒತ್ತಕ್ಷರಕ್ಕೆ ಎಫ್ ಕೀ. 'ಕೊಪ್ಪಳ' ಬೇಕೆಂದರೆ ಕೆ, ಓ, ಪಿ, ಎಫ್, ಪಿ, ಆಮೇಲೆ ಶಿಫ್ಟ್ ಹಿಡಿದು ಎಲ್. ಅಕಾರಕ್ಕೆಂದು ಬೇರೆ ಕೀ ಒತ್ತುವ ರಗಳೆ ಇಲ್ಲ. ಟ, ಡ ಮಾತ್ರ ಕ್ಯೂ, ಡಬ್ಲ್ಯೂ ಮೇಲೆ ಅಡಗಿವೆ, ಮೊದಮೊದಲು ಹುಡುಕಾಟ ತಪ್ಪದು. ಇನ್ನೊಂದು ವಿಷಯ: ಕೀಬೋರ್ಡ್ ಜೋಡಿಸಿದರೆ ತೆರೆಯ ಮೇಲಿನ ಕೀಲಿಗಳು ಮಾಯವಾಗುತ್ತವೆ. ಸೆಟ್ಟಿಂಗ್ಸ್‌ನ ಫಿಸಿಕಲ್ ಕೀಬೋರ್ಡ್ ವಿಭಾಗದಲ್ಲಿ ಅವನ್ನು ಮತ್ತೆ ತೋರಿಸುವ ಆಯ್ಕೆ ಇದೆ. ಅಪರೂಪದ ಅಕ್ಷರ ಸಿಗದಿದ್ದಾಗ ಅದೇ ಗತಿ.

ಹಳೇ ನುಡಿ ಫೈಲುಗಳನ್ನು ಯಾರಾದರೂ ಕಳಿಸಿದರೆ ಟ್ಯಾಬ್‌ನಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಫೋನು, ಟ್ಯಾಬ್‌ಗಳು ಓದಬಲ್ಲ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಬದಲಿಸಿಕೊಂಡರೆ ಸರಿ.

ಫೋಟೋ ತೆಗೆಯುವುದು ಫೋನಿನಲ್ಲೇ. ಅಗ್ಗದ ಟ್ಯಾಬ್ ಕ್ಯಾಮೆರಾ ಸುಮ್ನೆ ಹೆಸರಿಗೆ, ಅಲ್ವಾ? ಆಂಡ್ರಾಯ್ಡ್‌ನಲ್ಲಿ ಫೈಲು ಕಳಿಸುವ ಕ್ವಿಕ್ ಶೇರ್‌ನಲ್ಲಿ ಟ್ಯಾಬ್‌ಗೆ ದಾಟಿಸಿ, ಅಗಲ 1600 ಪಿಕ್ಸೆಲ್‌ಗೆ ಇಳಿಸುತ್ತೇನೆ. ಹಳ್ಳಿಯ ನೆಟ್‌ವರ್ಕ್‌ನಲ್ಲೂ ಬೇಗ ಏರುತ್ತದೆ.

ಬಿಸಿಲಿನ ವಿಷಯ ಹೇಳಲೇಬೇಕು. ಬೇಸಿಗೆಯಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುತ್ತದೆ. 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ಗುಡಿಗೆ ಹೋದರೆ ಟ್ಯಾಬ್ ತೆಗೆಯುವುದು ಕಂಬಗಳ ಮಂಟಪದ ನೆರಳಿನಲ್ಲಿ ಮಾತ್ರ. ಹೊರಗೆ ತೆರೆ ಕಾಣುವುದಿಲ್ಲ. ಜಾಸ್ತಿ ಬಿಸಿಯಾದರೆ ತಾನಾಗಿಯೇ ಮಂಕಾಗುತ್ತದೆ, ಆ್ಯಪ್‌ಗಳು ತೆವಳುತ್ತವೆ. ಟಿಪ್ಪಣಿಯನ್ನು ಆಫ್‌ಲೈನ್‌ನಲ್ಲೇ ಬರೆದಿಟ್ಟು, ಮನೆಗೆ ಬಂದು ಏರಿಸುತ್ತೇನೆ.

ಕೋಷ್ಟಕ ಜೋಡಿಸುವುದು, ಬ್ಲಾಗ್‌ನ ವಿನ್ಯಾಸ ತಿದ್ದುವುದು ಇದರಲ್ಲಿ ಕಿರಿಕಿರಿಯೇ. ಬ್ರೌಸರ್‌ನಲ್ಲಿ 'ಡೆಸ್ಕ್‌ಟಾಪ್ ಸೈಟ್' ಆಯ್ಕೆ ಮಾಡಿ, ಟ್ಯಾಬ್‌ನ ಚಾರ್ಜರ್ ಕಿಂಡಿಗೆ ಯುಎಸ್‌ಬಿ ಸಾಧನ ಜೋಡಿಸಿಕೊಡುವ ಒಟಿಜಿ ಕೇಬಲ್‌ಗೆ ಹಳೇ ಮೌಸ್ ಚುಚ್ಚಿ ಹೇಗೋ ಮುಗಿಸುತ್ತೇನೆ. ಚಾರ್ಜರ್ ಕಿಂಡಿಯನ್ನು ಮೌಸ್ ಹಿಡಿದಿರುತ್ತದೆ, ಹಾಗಾಗಿ ಕೂರುವ ಮೊದಲೇ ಚಾರ್ಜ್ ತುಂಬಿಸಿಕೊಂಡಿರಿ.